ಕೊಳದ ದಂಡೆಯ ಭಾವ

ನಮ್ಮ ಭಾವನಿಗೆ ಈಜು ಬರುವುದಿಲ್ಲ. ಆದರೆ ಇಡೀ ಕತಾರಿನಲ್ಲಿ ತನ್ನಂಥ ಈಜು ಗುರು ಇನ್ನೊಬ್ಬನಿಲ್ಲ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ! ಉಡುಪಿಯ ಕಡಲ ಪಕ್ಕದಲ್ಲೇ ಹುಟ್ಟಿದರೂ ನೀರು ಮೊಣಕಾಲಿಗೆ ಬಂದರೆ ದೇವರನ್ನು ಕರೆಯುವ ಮನುಷ್ಯ. ಮಗಳು ಕೊಳಕ್ಕೆ ಹಾರಿದರೆ ಸಾಕು, ಮೆಸಯೀದಿನ ಕಾರ್ಖಾನೆಯ ಕಂಪೆನಿ ಬಸ್ಸಿನಿಂದ ಇಳಿದ ಅದೇ ಸೇಫ್ಟಿ ಶೂನಲ್ಲಿ ದಂಡೆಯುದ್ದಕ್ಕೂ ಓಡುತ್ತಿದ್ದರು. ಅವಳ ಜೊತೆಗೇ ಎರಡೂ ಕೈ ಬೀಸುತ್ತಿದ್ದರು. ಆ ಬೀಸಿಗೆ ಅಕ್ಕಪಕ್ಕದ ತಾಯಂದಿರ ಚಹಾ ಎಷ್ಟು ಚೆಲ್ಲಿದೆಯೋ!

ಅಮೆರಿಕದ ಕಾಲೇಜುಗಳು ಒಳ್ಳೆಯ ಈಜುಗಾರರನ್ನು ಹುಡುಕಿ ಸೀಟು ಕೊಡುತ್ತವೆ, ವಿಡಿಯೋ ಕಳಿಸಿದರೆ ಅಲ್ಲಿಯ ಕೋಚುಗಳೇ ಆರಿಸುತ್ತಾರೆ ಎಂದು ಯಾರೋ ಅವರ ಕಿವಿಗೆ ಹಾಕಿದರು. ಮಗಳಿಗೂ ಆಸೆ ಹುಟ್ಟಿತು. ಭಾವ ಫೋನ್ ಹಿಡಿದು ರೇಸ್ ಚಿತ್ರೀಕರಿಸಿದರು. ಮಗಳು ಗುರಿ ಮುಟ್ಟುವ ಹೊತ್ತಿಗೆ ಅವರೇ ಕುಣಿದದ್ದರಿಂದ ವಿಡಿಯೋದಲ್ಲಿ ಉಳಿದದ್ದು ಚಾವಣಿ ಮತ್ತು "ಯಲ್ಲಾ ಮಗಾ, ಯಲ್ಲಾ, ಬೇಗ ಬೇಗ" ಎಂಬ ಆರ್ಭಟ! ಎರಡನೆಯ ವಿಡಿಯೋವನ್ನು ಶಾಸ್ತ್ರೋಕ್ತವಾಗಿ ಮಾಡಿದರು. ಮೊದಲು ಇಲ್ಲಿಯ ಕನ್ನಡ ಸಂಘದ ಸಮಾರಂಭ, ದೀಪ ಬೆಳಗುವುದು, ಮಗಳಿಗೆ ಶಾಲು ಹೊದಿಸುವುದು, ಆಮೇಲೆ ಮುಖ್ಯ ಅತಿಥಿಗಳ ನಾಲ್ಕು ಮಾತು.

ನೋಡುತ್ತ ಕೂತ ಅಕ್ಕ ತಣ್ಣಗೆ ಕೇಳಿದಳು: "ಇದ್ರಲ್ಲಿ ನೀರು ಯಾವಾಗ ಬರ್ತದೆ ಮಾರಾಯ್ರೆ?"

ಹೇಗೋ ಒಬ್ಬ ಕೋಚ್, ಅರ್ಜಿಯಲ್ಲಿದ್ದ ಅವಳ ರೇಸ್ ಟೈಮಿಂಗ್ ಮೆಚ್ಚಿ ವಿಡಿಯೋ ಕರೆಗೆ ಬಂದರು. ಅಡುಗೆಮನೆಯಲ್ಲಿರಿ ಎಂದು ಅಕ್ಕ ಹೇಳಿದ್ದಳು. ಭಾವ ಲ್ಯಾಪ್‌ಟಾಪಿನ ಪಕ್ಕದಲ್ಲೇ ಕುರ್ಚಿ ಹಾಕಿದರು. ನಿನಗೆ ಈಜು ಯಾಕೆ ಇಷ್ಟ ಎಂದು ಕೋಚ್ ಕೇಳಿದ್ದೇ ತಡ, ಶಿಸ್ತು, ಪರಿಶ್ರಮ, ಸಂಸ್ಕಾರ ಎಂದು ಭಾವನ ಭಾಷಣ ಶುರುವಾಯಿತು. ನಮ್ಮಲ್ಲಿ ನೆಂಟರು ಮಗುವಿನ ಹೆಸರು ಕೇಳಿದರೂ ಅಪ್ಪನೇ ತಾನೇ ಹೇಳುವುದು? ಪ್ರಶ್ನೆ ಬಂದ ಹಾಗೆಲ್ಲ ಕುರ್ಚಿ ಮುಂದೆ ಸರಿಯಿತು. ಕೊನೆಗೆ ತೆರೆಯ ಮೇಲೆ ಮಗಳ ಒಂದು ಕಿವಿ ಮಾತ್ರ ಉಳಿಯಿತು! ಅವಳೇ ಹೇಳಲಿ ಎಂದು ಕೋಚ್ ಮೆಲ್ಲಗೆ ಸೂಚಿಸಿದರೆ, ಅವಳಿಗೆ ನಾಚಿಕೆ, ನಾನೇ ಹೇಳುತ್ತೇನೆ ಎಂದರಂತೆ.

ವಾರ ಕಳೆದು ಮೇಲ್ ಬಂತು. ತಮ್ಮ ಮಾತು ತಾವೇ ಆಡಬಲ್ಲವರು ತಂಡಕ್ಕೆ ಬೇಕು, ಶುಭವಾಗಲಿ. ಖಲಾಸ್! ಉಳಿದ ಕಾಲೇಜುಗಳು ಉತ್ತರವನ್ನೇ ಕೊಡಲಿಲ್ಲ. ಮಗಳು ಇಲ್ಲೇ ದೋಹಾದಲ್ಲಿ ಕಾಲೇಜು ಸೇರಿದಳು. ಅಲ್ಲಿ ಈಜಿನ ತಂಡವಿಲ್ಲ.

ಅಂದಿನಿಂದ ಭಾವ ಅರ್ಧವಾದರು. ಮಗಳು ಹೇಗಿದ್ದಾಳೆ ಎಂದರೆ ಅವಳನ್ನೇ ಕೇಳಿ ಎನ್ನುತ್ತಾರೆ. ಒಮ್ಮೆ ಲುಸೈಲಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ತಾವಾಗಿಯೇ ಅಂದರು: "ಮಗಳ ದಾರಿಗೆ ನನ್ನ ನಾಲಿಗೆಯೇ ಅಡ್ಡ ಬಂತು ಮಾರಾಯ." ತಮಾಷೆ ಮಾಡಲು ನನಗೂ ಮನಸ್ಸು ಬರಲಿಲ್ಲ. ಪಾಪ ಅನ್ನಿಸಿತು.

ಕಳೆದ ಶುಕ್ರವಾರ ಅವರ ಮನೆಯಲ್ಲಿ ಊಟ. ಅಂದು ಆ ಕೋಚಿಗೆ ನೀನಾದರೆ ಏನು ಹೇಳುತ್ತಿದ್ದೆ ಎಂದು ಹುಡುಗಿಯನ್ನು ಕೇಳಿದೆ. ಭಾವ ಬಾಯಿ ತೆರೆದವರು, ತಟ್ಟನೆ ಒಂದಿಡೀ ನೀರ್‌ದೋಸೆ ತುರುಕಿಕೊಂಡು ಬಾಯಿ ಮುಚ್ಚಿದರು.

ಹುಡುಗಿ ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು: "ಉಸಿರಿಗೆ ತಲೆ ತಿರುಗಿಸಿದಾಗ ಸೈಡಲ್ಲಿ ಪಪ್ಪ ಓಡೋದು ಕಾಣ್ತದೆ. ಅದಕ್ಕೇ ಇಷ್ಟ ಅಂತ ಹೇಳ್ತಿದ್ದೆ."

ಭಾವನ ಬಾಯಲ್ಲಿ ದೋಸೆ ಹಾಗೇ ಉಳಿಯಿತು. ಮೊಣಕಾಲುದ್ದ ನೀರಿಗೆ ಹೆದರುವ ಮನುಷ್ಯ, ಕೆನ್ನೆಯ ಮೇಲಿನ ನೀರನ್ನು ಒರೆಸಿಕೊಳ್ಳಲೂ ಇಲ್ಲ.