ಕಿಲ್‌ಬ್ರಾಕನ್ ಮಠದ ಬೀಗದ ಕೈ

ಎಲ್ಲ ರಗಳೆಗೂ ಕಾರಣ ಮೂರೇ ಮೂರು ಪದ: 'ಮಠದ ಒಳಗೂ ಪ್ರವೇಶ.'

ಈ ಮೂರು ಪದಗಳನ್ನು ತನ್ನ ಬಣ್ಣದ ಕರಪತ್ರದಲ್ಲಿ ಅಚ್ಚು ಹಾಕಿಸಿದವನು ಅಲ್ಟನ್ ಬ್ರೋಫಿ. ಸೈಕಲ್ ಹತ್ತಿದರೆ ಮಂಡಿ ನೋಯುತ್ತದೆ ಎಂದು ಎಲ್ಲಿಗೂ ವ್ಯಾನಿನಲ್ಲೇ ಹೋಗುವ ಈ ಮಹಾಶಯ 'ಇತಿಹಾಸದ ಹಾದಿಯಲ್ಲಿ ಸೈಕಲ್ ಯಾತ್ರೆ' ಎಂಬ ಕಂಪನಿ ನಡೆಸುತ್ತಿದ್ದ. ಅವನ ಕರಪತ್ರದ ಐರ್ಲೆಂಡಿನಲ್ಲಿ ಮಳೆಯಿಲ್ಲ, ರಸ್ತೆಯ ಮೇಲೆ ಸೆಗಣಿಯಿಲ್ಲ, ಕೆಲಸ ಕಳೆದುಕೊಂಡವನಂತೂ ಒಬ್ಬನೂ ಇಲ್ಲ. ಹಸಿರು ಹುಲ್ಲು, ಬಿದ್ದ ಗೋಡೆ, ನಗುವ ಕುರಿ, ಅಷ್ಟೆ. ಕಿಲ್‌ಬ್ರಾಕನ್ನಿನ ಹಾಳು ಮಠದ ಒಳಗೆ ಅವನು ಒಮ್ಮೆಯೂ ಕಾಲಿಟ್ಟವನಲ್ಲ. ಗೇಟಿಗೆ ಬೀಗ ಇದೆಯೆಂಬುದೂ ಅವನಿಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಕೋಲ್ಮನ್ ಟೂಹಿಗೆ. ಅದೂ ಆರು ಜನ ಪ್ರವಾಸಿಗಳನ್ನು ಬೆನ್ನಿಗೆ ಕಟ್ಟಿಕೊಂಡು, ಬೆಳಗ್ಗೆ ಹನ್ನೊಂದು ನಲವತ್ತಕ್ಕೆ, ಜಿಟಿಜಿಟಿ ಮಳೆಯಲ್ಲಿ, ಅದೇ ಗೇಟಿನ ಮುಂದೆ ನಿಂತಾಗ.

ಕೋಲ್ಮನ್ ಹತ್ತೊಂಬತ್ತು ವರ್ಷ ಜೌಗು ನೆಲದಿಂದ ಉರುವಲು ಮಣ್ಣು ಕಡಿಯುವ ಯಂತ್ರ ಓಡಿಸಿದವನು. ಕಾರ್ಖಾನೆ ಮುಚ್ಚಿ ಎರಡು ವರ್ಷವಾಗಿತ್ತು. ಆ ಕಾರ್ಖಾನೆಯನ್ನು ನೋಡಲು ಯಾರೂ ಸೈಕಲ್ ತುಳಿದುಕೊಂಡು ಬರುತ್ತಿರಲಿಲ್ಲ, ಅದು ಹಾಳು ಬಿದ್ದು ಇನ್ನೂ ಎಂಟುನೂರು ವರ್ಷ ಆಗಿರಲಿಲ್ಲವಲ್ಲ. ಈ ಮಾರ್ಗದರ್ಶಿ ಕೆಲಸ ಅವನಿಗೆ ಎರಡು ವರ್ಷದಲ್ಲಿ ಸಿಕ್ಕ ಮೊದಲ ಅವಕಾಶ. ಇವತ್ತು ಪರೀಕ್ಷೆಯ ದಿನ.

"ಊಟ ಆದ್ಮೇಲೆ ಆರೂ ಜನ ಅಭಿಪ್ರಾಯದ ಹಾಳೆ ತುಂಬ್ತಾರೆ," ಎಂದಿದ್ದ ಅಲ್ಟನ್. "ಆರೂ ಚೆನ್ನಾಗಿದ್ರೆ ಕೆಲಸ ನಿಂದು. ಒಬ್ಬ ಮೂಗು ಮುರಿದ್ರೂ ನಿಂಗೊಂದು ದೊಡ್ಡ ನಮಸ್ಕಾರ."

ಹೆಂಡತಿ ಬ್ರೀಜ್ ಇನ್ನೂ ಚಿಕ್ಕದಾಗಿ ಹೇಳಿದ್ದಳು: "ಇದನ್ನೂ ಕಳ್ಕೊಂಡು ಬಂದ್ರೆ ಅಡುಗೆಮನೇಲಿ ನನ್ನ ಕಾಲಿಗೆ ಅಡ್ಡ ಸಿಗ್ಬೇಡ."

ಕಂಪನಿ ಕೊಟ್ಟ ಬಟ್ಟೆ ಅಚ್ಚ ಹಳದಿ, ಮೈಗೆ ಅಂಟಿಕೊಳ್ಳುವಂಥದು. ಇಪ್ಪತ್ತರ ಹುಡುಗನ ಅಳತೆಗೆ ಹೊಲಿದದ್ದರಲ್ಲಿ ನಲವತ್ತೊಂದರ ಹೊಟ್ಟೆ ತೂರಿಸಿದ ಕೋಲ್ಮನ್, ದಾರದಲ್ಲಿ ಬಿಗಿದ ಕುಂಬಳಕಾಯಿಯ ಹಾಗೆ ಕಾಣುತ್ತಿದ್ದ.

"ಹನ್ನೊಂದು ನಲವತ್ತರಿಂದ ಹನ್ನೆರಡು ಇಪ್ಪತ್ತು. ಮಠದ ಒಳಗೆ," ಎಂದು ಓದಿದರು ಡೀಟ್ಸ್. ಜರ್ಮನಿಯ ನಿವೃತ್ತ ನ್ಯಾಯಾಧೀಶರು. ಬೆಳಗಿನಿಂದ ಕರಪತ್ರದ ಒಂದೊಂದು ಸಾಲಿಗೂ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಈ ಸಾಲಿನ ಮುಂದೆ ಪೆನ್ಸಿಲು ನಿಂತಿತು. "ನಾವು ಹೊರಗಿದ್ದೇವೆ."

ಗೇಟಿಗೆ ಒರಗಿಕೊಂಡು ಒಬ್ಬ ಮುದುಕ ಪೈಪು ಸೇದುತ್ತಿದ್ದ. ಫಾನ್ಸಿ ಗಿಲ್‌ಹೂಲಿ. ಎಪ್ಪತ್ತು ವರ್ಷದಿಂದ ಆ ಊರಿನಲ್ಲಿ ಯಾವುದಾದರೊಂದಕ್ಕೆ ಒರಗಿಕೊಂಡೇ ಬದುಕಿದವನು.

"ಬೋರ್ಡಲ್ಲಿ ಬರ್ದಿದೆಯಲ್ಲಪ್ಪಾ," ಎಂದ ಫಾನ್ಸಿ, ಪೈಪಿನಿಂದಲೇ ತೋರಿಸಿ. 'ಬೀಗದ ಕೈಗೆ ಮಿಸೆಸ್ ಹ್ಯಾನ್ಲಿ ಅವರನ್ನು ಕೇಳಿ.' "ಐದು ನಿಮಿಷದ ದಾರಿ. ನೀನು ಹೋಗ್ಬಾ ಮಗಾ, ಇವರನ್ನ ನಾನು ನೋಡ್ಕೋತೀನಿ."

ಕೋಲ್ಮನ್ ಹೊರಟ. ದಾರಿ ಐದು ನಿಮಿಷದ್ದೇ, ಆದರೆ ಅದು ಇಳಿಯುವವನಿಗೆ. ಅವನು ಏರುತ್ತಿದ್ದ.

ಆಟ್ರಾಕ್ಟಾ ಹ್ಯಾನ್ಲಿ ಬಾಗಿಲಲ್ಲೇ ನಿಂತಿದ್ದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಮೇಜಿನ ಮೇಲೆ ಎರಡು ಕಪ್ಪು ಇಟ್ಟಾಗಿತ್ತು. ಅವನು ಬರುವುದು ಅವಳಿಗೆ ಹೇಗೆ ತಿಳಿಯಿತೋ!

"ಬ್ರೀಜ್‌ಳ ಗಂಡ ಅಲ್ವಾ ನೀನು? ಆ ಹೊಸಬ?"

"ನಾನು ಈ ಊರಿಗೆ ಬಂದು ಹನ್ನೆರಡು ವರ್ಷ ಆಯ್ತು, ಮಿಸೆಸ್ ಹ್ಯಾನ್ಲಿ."

"ನಾನೂ ಅದನ್ನೇ ಹೇಳಿದ್ದು, ಹೊಸಬ. ಕೂತ್ಕೋ, ಟೀ ಕುಡಿ."

"ಬೇಡ ಮಿಸೆಸ್ ಹ್ಯಾನ್ಲಿ, ಅಲ್ಲಿ ಆರು ಜನ ಮಳೇಲಿ..."

"ಒಂದೇ ಒಂದು ಕಪ್ಪು."

"ನಿಜವಾಗ್ಲೂ ಬೇಡ."

ಆ ಕಡೆ ಮೊದಲ ಎರಡು 'ಬೇಡ'ಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವು ಮರ್ಯಾದೆಗೆ ಹೇಳುವ ಮಾತು. ಮೂರನೆಯ ಬೇಡ ಅವನ ಬಾಯಿಂದ ಬರುವಷ್ಟರಲ್ಲಿ ಟೀ ಅವನ ಕೈಯಲ್ಲಿತ್ತು, ಅವನು ಕುರ್ಚಿಯ ಮೇಲಿದ್ದ.

"ಮನೆ ಸ್ವಂತದ್ದೇ ತಾನೆ?" ಎಂದು ಕೇಳಿದಳು ಆಟ್ರಾಕ್ಟಾ. "ಬಿಟ್ಟು ಗಿಟ್ಟು ಹೋಗೋ ಯೋಚನೆ ಏನಿಲ್ಲ?"

"ಇಲ್ಲ. ಬೀಗದ ಕೈ..."

"ಒಳ್ಳೇದು, ಒಳ್ಳೇದು. ಬೀಗದ ಕೈ ಬಾರ್ಟ್ಲಿ ತಗೊಂಡು ಹೋದ. ಮಠದೊಳಗೆ ಕುರಿ ಮೇಯಿಸ್ತಾನೆ. ಓಡು, ಇದ್ದಾನೆ ಮನೇಲಿ."

ಅವನು ಸೈಕಲ್ ಹತ್ತುತ್ತಿದ್ದಾಗ ಆಟ್ರಾಕ್ಟಾ ಕಿಟಕಿಯಲ್ಲಿ ಫೋನು ಹಿಡಿದು ನಿಂತಿದ್ದು ಕಂಡಿತು. ಪಾಪ, ಯಾರಿಗೋ ಹುಷಾರಿಲ್ಲವೇನೋ ಅಂದುಕೊಂಡ ಆ ಪುಣ್ಯಾತ್ಮ.

ಬಾರ್ಟ್ಲಿ ಹೊಲದ ಅಂಚಿನ ಕಾಲುವೆಯ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಕಾಲುವೆಯೊಳಗೆ ಮುಳ್ಳುಪೊದೆಗೆ ಸಿಕ್ಕಿಕೊಂಡ ಒಂದು ಹೆಣ್ಣು ಕುರಿ. ಅದು ಕೂಡ ಅವನನ್ನೇ ನಿರೀಕ್ಷಿಸುತ್ತಿದ್ದ ಹಾಗೆ ನೋಡಿತು.

"ಸರಿಯಾದ ಹೊತ್ತಿಗೆ ಬಂದೆ ನೋಡು ಮಾರಾಯಾ! ಇಳಿ, ಹಿಂದಿನ ಕಾಲು ಹಿಡ್ಕೋ."

"ಬಾರ್ಟ್ಲಿ, ನಂಗೆ ಬರೀ ಬೀಗದ ಕೈ..."

"ಕೊಡೋಣ, ಕೊಡೋಣ. ಇದನ್ನ ಹೀಗೇ ಬಿಟ್ಟು ಹೋಗೋಕೆ ಮನಸ್ಸು ಬರತ್ತಾ ನಿಂಗೆ?"

ಬರಲಿಲ್ಲ. ಕೋಲ್ಮನ್ನನ ರೋಗವೇ ಅದು. ಅವನು ಇಳಿದ, ಹಿಡಿದ, ಎಳೆದ. ಕುರಿ ಉಪಕಾರ ತೀರಿಸುವವರಂತೆ ಅವನನ್ನೇ ಎಳೆದುಕೊಂಡು ಕೆಸರಿನುದ್ದಕ್ಕೂ ಹದಿನೈದು ಅಡಿ ಓಡಿತು. ಹಳದಿ ಚಡ್ಡಿ ಮುಳ್ಳಿಗೆ ಸಿಕ್ಕಿ, ಹಿಂಭಾಗದಲ್ಲಿ ಸೊಂಟದಿಂದ ತೊಡೆಯವರೆಗೆ ಪರ್ರನೆ ಹರಿಯಿತು. ಬಾರ್ಟ್ಲಿ ದಡದ ಮೇಲೆ ನಿಂತು, "ಭೇಷ್! ಬಿಡಬೇಡ!" ಎಂದು ಕೂಗುತ್ತಿದ್ದ. ಸಹಾಯಕ್ಕೆ ಒಂದು ಬೆರಳೂ ಆಡಿಸಲಿಲ್ಲ.

"ಗಟ್ಟಿ ಆಳು ನೀನು," ಎಂದ ಕೊನೆಗೆ. "ಡಬ್ಲಿನ್ನಿಗೆ ಹೋಗಿ ಸೇರ್ಕೊಳ್ಳೋ ಆಸೆ ಗೀಸೆ ಇದ್ಯಾ?"

"ಇಲ್ಲಪ್ಪಾ! ಬೀಗದ ಕೈ ಎಲ್ಲಿ?"

"ಅಯ್ಯೋ, ಅದನ್ನ ನಿನ್ನೇನೇ ಕಾನ್ಸೆಪ್ಟಾ ಅಂಗಡೀಲಿ ಕೊಟ್ಟುಬಿಟ್ಟೆ."

ಕಾನ್ಸೆಪ್ಟಾಳ ಅಂಗಡಿ ಎಂದರೆ ದಿನಸಿ ಅಂಗಡಿಯೂ ಅದೇ, ಅಂಚೆ ಕಚೇರಿಯೂ ಅದೇ, ಹೆಂಡದಂಗಡಿಯೂ ಅದೇ. ಮೂವರು ಕುಡುಕರು ಎತ್ತರದ ಸ್ಟೂಲುಗಳ ಮೇಲೆ ತಂತಿಯ ಮೇಲಿನ ಕಾಗೆಗಳ ಹಾಗೆ ಸಾಲಾಗಿ ಕೂತಿದ್ದರು. ಎರಡೂ ಕೈಯನ್ನು ಹಿಂದಕ್ಕೆ ಒತ್ತಿಕೊಂಡು ಒಳಗೆ ಬಂದ ಕೋಲ್ಮನ್ನನನ್ನು ನೋಡಿ ಮೂರೂ ತಲೆ ಒಟ್ಟಿಗೆ ತಿರುಗಿತು.

"ಏನಯ್ಯಾ, ಸೈಕಲ್ ಸೀಟು ಕಚ್ಚಿತಾ?" ಎಂದ ಒಬ್ಬ.

"ಇದೇ ಇರ್ಬೇಕು ಕಣೋ ಇತಿಹಾಸ ಅಂದ್ರೆ," ಎಂದ ಇನ್ನೊಬ್ಬ. "ಹಾಳುಬಿದ್ದ ಹಿಂಗೋಡೆ."

ಕಾನ್ಸೆಪ್ಟಾ ಅವರನ್ನು ಗದರಿಸಿ, ಗೋಡೆಗೆ ನೇತುಹಾಕಿದ್ದ ತನ್ನ ಹೂವಿನ ಏಪ್ರನ್ ತೆಗೆದು ಅವನಿಗೆ ಹಿಂದುಮುಂದಾಗಿ ಕಟ್ಟಿದಳು. "ಪಾಪ, ಮಾನ ಮುಚ್ಕೋ. ಹಾಗೇ ಕೆಳಗಡೆ ನೆಲಮಾಳಿಗೇಲಿ ನಾಲ್ಕು ಬಿಯರ್ ಪೀಪಾಯಿ ಇದೆ, ಮೇಲೆ ತಂದುಕೊಡ್ತೀಯಾ? ಇವರಿದ್ದಾರಲ್ಲ, ಮೇಲಿಂದ ಕೆಳಗೆ ಇಳಿಸೋದು ಮಾತ್ರ ಗೊತ್ತು."

ಕೋಲ್ಮನ್ ಗಡಿಯಾರ ನೋಡಿದ. ಹನ್ನೆರಡೂವರೆ. ಮಳೆಯಲ್ಲಿ ಪೆನ್ಸಿಲು ಹಿಡಿದು ನಿಂತ ಡೀಟ್ಸ್ ಕಣ್ಮುಂದೆ ಬಂದರು. ಆಗಲ್ಲ ಎನ್ನಬೇಕೆಂದು ಬಾಯಿ ತೆರೆದ. "ಎಲ್ಲಿವೆ?" ಎಂಬ ಮಾತು ಹೊರಗೆ ಬಂತು.

ನಾಲ್ಕನೆಯ ಪೀಪಾಯಿ ಮೇಲೆ ಬಂದಾಗ ಅವನ ಸೊಂಟ ಇನ್ಯಾರದೋ ಆಗಿತ್ತು. ಕಾನ್ಸೆಪ್ಟಾ ಅವನನ್ನು ಕರುಣೆಯಿಂದ ನೋಡಿದಳು.

"ಕೋಲ್ಮನ್, ನೀನು ಹುಟ್ಟಿದಾಗಿಂದ ಯಾರಿಗಾದ್ರೂ ಆಗಲ್ಲ ಅಂತ ಹೇಳಿದ್ದೀಯಾ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ನೆನಪಿಲ್ಲ."

"ಹಾಗಾದ್ರೆ ಸರಿ." ಅವಳು ಫೋನು ಎತ್ತಿಕೊಂಡಳು. "ಆಟ್ರಾಕ್ಟಾ ಹತ್ರ ವಾಪಸ್ ಹೋಗು. ಬೀಗದ ಕೈ ಸಿಕ್ಕಿರತ್ತೆ ಅವಳಿಗೆ."

ಸಿಕ್ಕಿತ್ತು. ಕೋಲ್ಮನ್ ಮತ್ತೆ ಆ ಏರು ತುಳಿದು, ಏದುಸಿರು ಬಿಡುತ್ತ ಬಂದಾಗ ಆಟ್ರಾಕ್ಟಾ ಬೀಗದ ಕೈಯನ್ನು ಎದೆಗವಚಿಕೊಂಡು ಬಾಗಿಲಲ್ಲಿದ್ದಳು. ಮೊಣಕೈಯುದ್ದದ ಕಬ್ಬಿಣದ ತುಂಡು, ತುಕ್ಕು ಹಿಡಿದು ಕೆಂಪಾಗಿತ್ತು. ಇನ್ನೊಂದು ಕೈಯಲ್ಲಿ ದಪ್ಪ ಪುಸ್ತಕ.

"ಟೀ ಡಬ್ಬದ ಹಿಂದೇನೇ ಇತ್ತು ನೋಡು, ನನ್ನ ಮರೆವಿಗಿಷ್ಟು! ಇಲ್ಲೊಂದು ರುಜು ಹಾಕಪ್ಪಾ. ಸುಮ್ನೆ, ಶಾಸ್ತ್ರಕ್ಕೆ."

ಮಳೆಹನಿ ಬಿದ್ದು ಅಕ್ಷರ ಕಲಸಿಹೋಗಿದ್ದ ಪುಟ. ಕೋಲ್ಮನ್ ಓದಲಿಲ್ಲ. ರುಜು ಗೀಚಿ, ಬೀಗದ ಕೈಯನ್ನು ಕತ್ತಿಯ ಹಾಗೆ ಏಪ್ರನ್ನಿನ ದಾರಕ್ಕೆ ಸಿಕ್ಕಿಸಿಕೊಂಡು, ಗೆದ್ದ ಸೇನಾಪತಿಯಂತೆ ಇಳಿಜಾರಿನಲ್ಲಿ ಸೈಕಲ್ ಬಿಟ್ಟ.

ಗೇಟಿನ ಮುಂದೆ ನರಪಿಳ್ಳೆಯೂ ಇರಲಿಲ್ಲ. ಏಳು ಸೈಕಲ್ ಹೊರಟಿದ್ದವು, ಅವನದು ಬಿಟ್ಟು ಆರು ಗೋಡೆಗೆ ಒರಗಿ ನಿಂತಿದ್ದವು. ಅಲ್ಟನ್ನನ ವ್ಯಾನು ಪಕ್ಕದಲ್ಲಿತ್ತು. ಕೋಲ್ಮನ್ ಬೀಗದೊಡನೆ ಹತ್ತು ನಿಮಿಷ ಗುದ್ದಾಡಿದ, ಅದಕ್ಕೆ ಉಗುಳಿದ, ಅಂಗಲಾಚಿದ, ಒದ್ದ. ಕೊನೆಗೆ ಗೇಟು ಕಿರ್ರೆಂದು ಅರಚಿ ತೆರೆದುಕೊಂಡಿತು.

ಒಳಗೆ ಆರೂ ಜನ ಪ್ರವಾಸಿಗಳು ಕಮಾನಿನ ಕೆಳಗೆ ಬೆಚ್ಚಗೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ನಡುವೆ ಫಾನ್ಸಿ, ಒಂದು ಕಂಬಕ್ಕೆ ಒರಗಿಕೊಂಡು.

"...ಈ ಕಲ್ಲಿಗೆ ಮೂರು ಸಲ ಹಣೆ ಮುಟ್ಟಿಸಿದ್ರೆ ಏಳು ವರ್ಷ ತಲೆನೋವು ಬರಲ್ಲ. ಸಂತ ಬ್ರಾಕನ್ನೇ ಕೊಟ್ಟ ವರ," ಎನ್ನುತ್ತಿದ್ದ.

ಆ ಕಲ್ಲು ಬಾರ್ಟ್ಲಿಯ ಕುರಿಗಳು ನೀರು ಕುಡಿಯುತ್ತಿದ್ದ ಬಾನಿಯ ಒಡೆದ ತುಂಡು. ನಿವೃತ್ತ ನ್ಯಾಯಾಧೀಶರು ಮಂಡಿಯೂರಿ ಭಕ್ತಿಯಿಂದ ಮೂರು ಸಲ ಹಣೆ ಮುಟ್ಟಿಸಿದರು. ಎದ್ದು ಪೆನ್ಸಿಲಿನಿಂದ ಗುರುತು ಹಾಕಿದರು.

"ನೀವೆಲ್ಲ... ಒಳಗೆ ಹೇಗೆ..." ಎಂದ ಕೋಲ್ಮನ್.

ಫಾನ್ಸಿ ಪೈಪಿನಿಂದ ಹಿಂದೆ ತೋರಿಸಿದ. ಹಿಂದೆ ಗೋಡೆಯೇ ಇರಲಿಲ್ಲ. ಹೋದ ಚಳಿಗಾಲದ ಬಿರುಗಾಳಿಗೆ ಮಲಗಿತ್ತು. ಲಾರಿಯೊಂದು ಆರಾಮಾಗಿ ಬಂದು ತಿರುಗಿಸಿಕೊಂಡು ಹೋಗುವಷ್ಟು ಬಯಲು.

"ಗೊತ್ತಿದ್ದೂ ನನ್ನನ್ನ ಕಳಿಸಿದ್ಯಲ್ಲೋ!"

"ಬೋರ್ಡಲ್ಲಿ ಏನಿದೆ ಅಂತ ಹೇಳಿದೆ ಮಗಾ. ಒಳಗೆ ಹೋಗೋದು ಹೇಗೆ ಅಂತ ನೀನು ಕೇಳಲೇ ಇಲ್ಲ."

ಅಲ್ಟನ್ ಅಭಿಪ್ರಾಯದ ಹಾಳೆಗಳನ್ನು ಬೀಸಣಿಗೆಯಂತೆ ಹಿಡಿದುಕೊಂಡು ಹಲ್ಲು ಕಿರಿಯುತ್ತ ಬಂದ. "ಆರಕ್ಕೆ ಆರೂ ಅದ್ಭುತ ಅಂತ ಬರ್ದಿದ್ದಾರೆ ಕೋಲ್ಮನ್! ಈ ಮುದುಕಪ್ಪನ್ನ ನೋಡಿ ಹುಚ್ಚಾಗಿದ್ದಾರೆ. ಡೀಟ್ಸ್ ಅವರು ಇನ್ನೂ ಒಂದು ಸಾಲು ಸೇರಿಸಿದ್ದಾರೆ, ಕೇಳು. 'ಮಾರ್ಗದರ್ಶಿ ಇಲ್ಲದಿದ್ದಾಗ ಪ್ರವಾಸ ಹೆಚ್ಚು ಸೊಗಸಾಗಿತ್ತು.' ಎಂಥ ಮಾತು! ನಾಳೆಯಿಂದ ಫೋನಿನ ನಕ್ಷೆ ದಾರಿ ತೋರಿಸತ್ತೆ, ಫಾನ್ಸಿ ಕಲ್ಲು ತೋರಿಸ್ತಾನೆ. ನಿನ್ನ ಉಪಕಾರ ಮರೆಯಲ್ಲ." ಅವನು ಏಪ್ರನ್ನಿನ ಮೇಲೆ ಕಣ್ಣಾಡಿಸಿದ. "ಆ ಬಟ್ಟೆ ಮಾತ್ರ ಒಗೆದು ವಾಪಸ್ ಕೊಡು."

ಹೊರಗೆ ಗೇಟಿನ ಬಳಿ ಸುತ್ತಿಗೆಯ ಸದ್ದು. ಕೋಲ್ಮನ್ ಹೊರಬಂದು ನೋಡಿದ. ಆಟ್ರಾಕ್ಟಾ ಮೊಳೆ ಹಿಡಿದಿದ್ದಳು, ಬಾರ್ಟ್ಲಿ ಹೊಡೆಯುತ್ತಿದ್ದ, ಕಾನ್ಸೆಪ್ಟಾ ಬೋರ್ಡು ನೆಟ್ಟಗಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಬಣ್ಣ ಒಣಗಿ ಎಷ್ಟೋ ಕಾಲವಾದ ಬೋರ್ಡು. ಹೆಸರಿನ ಜಾಗ ಮಾತ್ರ ಹಸಿಹಸಿ: 'ಬೀಗದ ಕೈಗೆ ಶ್ರೀ ಕೋಲ್ಮನ್ ಟೂಹಿ ಅವರನ್ನು ಕೇಳಿ.'

"ಏಳು ವರ್ಷ," ಎಂದಳು ಆಟ್ರಾಕ್ಟಾ, ಉಸಿರು ಬಿಟ್ಟು. "ಏಳು ವರ್ಷಕ್ಕೆ ಒಂದು ಸಲ ಬದಲಾಯಿಸ್ಬೇಕು ಅಂತ ಮಠದ ಸಮಿತಿ ನಿಯಮ. ನಂದು ಮುಗಿದು ಮೂರು ವರ್ಷ ಆಯ್ತು, ತಗೊಳ್ಳೋ ಗಂಡಸೇ ಸಿಕ್ಕಿರಲಿಲ್ಲ. ಯಾರನ್ನ ಕಳಿಸಿದ್ರೂ ಎರಡನೇ ಮನೇಲೇ ಬೈದು ಹೋಗಿಬಿಡೋರು."

"ಕುರಿ ಕಾಲು ಹಿಡಿದೋನು ನೀನೊಬ್ನೇ," ಎಂದ ಬಾರ್ಟ್ಲಿ ಹೆಮ್ಮೆಯಿಂದ.

"ಪೀಪಾಯಿ ನಾಲ್ಕೂ ಎತ್ತಿದ," ಎಂದು ಕಾನ್ಸೆಪ್ಟಾ ಸಾಕ್ಷಿ ಹೇಳಿದಳು.

ಕೋಲ್ಮನ್ನನ ಮುಖ ಕೆಂಪಾಯಿತು. "ಹಿಂದೆ ಗೋಡೆನೇ ಇಲ್ಲ! ಬೀಗ ಯಾಕೆ? ಬೀಗದ ಕೈ ಯಾಕೆ?"

"ಶ್! ಮೆತ್ತಗೆ!" ಎಂದಳು ಆಟ್ರಾಕ್ಟಾ. "ಸರ್ಕಾರದ ಕಾಗದದಲ್ಲಿ ಗೋಡೆ ನಿಂತಿದೆ. ಬೀಗಾನೂ ಹೋಗಿಬಿಟ್ರೆ ನೋಡೋಕೆ ಬರ್ತಾರೆ. ಬಂದ್ರೆ ಗೋಡೆ ನಾವೇ ಕಟ್ಟಿಸ್ಬೇಕು. ಯಾರು ಬಂದು ಕೇಳಿದ್ರೂ ನೀನೇ ಜೊತೇಲಿ ಬಂದು ಗೇಟು ತೆಗೀಬೇಕು, ಅವರು ನೋಡೋ ತನಕ ನಿಂತಿರ್ಬೇಕು, ಮತ್ತೆ ಹಾಕ್ಬೇಕು. ಸಂಬಳ ಇಲ್ಲ, ಗೌರವ ಇದೆ." ಅವಳು ಅವನ ಕೆಸರು ಮೆತ್ತಿದ ಕೆನ್ನೆ ತಟ್ಟಿದಳು. "ಇನ್ಮೇಲೆ ನಿನ್ನನ್ನ ಯಾರೂ ಹೊಸಬ ಅನ್ನಲ್ಲ ಕಣೋ."

ಸಂಜೆ ಆರಕ್ಕೆ ಕೋಲ್ಮನ್ ಅಡುಗೆಮನೆಯಲ್ಲಿ, ಬ್ರೀಜ್‌ಳ ಕಾಲಿಗೆ ಸರಿಯಾಗಿ ಅಡ್ಡ ಕೂತಿದ್ದ. ಬಿಸಿ ನೀರಿನ ಬಕೆಟ್ಟಿನಲ್ಲಿ ಪಾದ, ಮೇಜಿನ ಮೇಲೆ ಆಲೂಗಡ್ಡೆ, ಆಲೂಗಡ್ಡೆಯ ಪಕ್ಕ ಬೀಗದ ಕೈ. ಬ್ರೀಜ್ ಅದನ್ನೊಮ್ಮೆ ಅವನನ್ನೊಮ್ಮೆ ನೋಡಿ ಪಾತ್ರೆ ತಿಕ್ಕುತ್ತಿದ್ದಳು. ಅವಳು ತಿಕ್ಕುತ್ತಿದ್ದ ರಭಸಕ್ಕೆ ಪಾತ್ರೆಯ ತಳ ಉಳಿಯುವಂತಿರಲಿಲ್ಲ.

ಬಾಗಿಲು ಬಡಿದ ಸದ್ದು. ಹೊರಗೆ ಸುರಿಯುವ ಮಳೆಯಲ್ಲಿ ಒಬ್ಬ ಸೈಕಲ್ ಸವಾರ, ಬೆಲ್ಜಿಯಂನ ಮೇಷ್ಟ್ರು. ಕನ್ನಡಕದಿಂದ ನೀರು ತೊಟ್ಟಿಕ್ಕುತ್ತಿತ್ತು. ತೊಂದರೆ ಕೊಟ್ಟದ್ದಕ್ಕೆ ಮೂರು ಸಲ ಕ್ಷಮೆ ಕೇಳಿ, ಮಠದ ಬೀಗದ ಕೈ ಇಲ್ಲೇ ಸಿಗುತ್ತದಂತಲ್ಲ ಎಂದರು.

ಮಠಕ್ಕೆ ಎರಡು ಮೈಲಿ. ಕೋಲ್ಮನ್ ನಿಧಾನವಾಗಿ ಒರೆಸುವ ಬಟ್ಟೆಯನ್ನು ಎಳೆದು ಬೀಗದ ಕೈಯ ಮೇಲೆ ಹಾಕಿದ. ಇವತ್ತು ಎರಡನೆಯ ಸಲ 'ಆಗಲ್ಲ' ಎನ್ನಲು ಬಾಯಿ ತೆರೆದ. ಆ ಪದ ಈ ಸಲವೂ ಬರಲಿಲ್ಲ.

"ಬೀಗದ ಕೈಯಾ? ಅಯ್ಯೋ, ಅದನ್ನ ಬಾರ್ಟ್ಲಿ ತಗೊಂಡು ಹೋದನಲ್ಲಾ! ಕುರಿ ಮೇಯಿಸ್ತಾನೆ ಅಲ್ಲಿ. ಓಡಿ, ಇದ್ದಾನೆ ಮನೇಲಿ. ಒಂದು ಕಪ್ಪು ಟೀ ಕುಡ್ಕೊಂಡು ಹೋಗ್ತೀರಾ?"

"ಬೇಡ, ಬೇಡ," ಎಂದು ಮೇಷ್ಟ್ರು ಮತ್ತೊಮ್ಮೆ ಕ್ಷಮೆ ಕೇಳಿದರು.

ಮೂರನೆಯ ಬೇಡ ಬರುವ ಮೊದಲೇ ಅವರಿಗೆ ಟೀ ಕುಡಿಸಿ ಕಳಿಸಿ, ಕೋಲ್ಮನ್ ಕಿಟಕಿಯಲ್ಲಿ ನಿಂತು ಬಾರ್ಟ್ಲಿಗೆ ಫೋನು ಮಾಡಿದ. ಮೇಷ್ಟ್ರು ಬಗ್ಗಿಕೊಂಡು ಬಾರ್ಟ್ಲಿ ಮನೆಯ ಕಡೆಯ ಏರು ತುಳಿಯುತ್ತಿದ್ದರು. ಎಷ್ಟು ಒಳ್ಳೆಯ ಮನುಷ್ಯ, ಎಂಥ ವಿನಯ! ಈ ಊರಿನವನಲ್ಲ, ಅದೊಂದೇ ಹೊಟ್ಟೆ ಉರಿಯುವ ವಿಷಯ.