ಅಟ್ಟಕ್ಕೇರಿದ ವಾರ್ನಿಷ್

ಕೆಲಸ ಬಾರದ ಗಂಡಸಿನಿಂದ ಮನೆಗೆ ಅಂಥ ಅಪಾಯವೇನಿಲ್ಲ. ಅವನ ಪಾಡಿಗೆ ಅವನು ಪೇಪರ್ ಓದುತ್ತ ಕೂತಿರುತ್ತಾನೆ. ಅಪಾಯವಿರುವುದು ಕೆಲಸವನ್ನು ದೂರದಿಂದ ನೋಡಿ ಕಲಿತವನಿಂದ. ನಾನು ಈ ಎರಡನೆಯ ಪಂಗಡದವನು. ಗಾರೆಯವನು ಗೋಡೆ ಮೆತ್ತುತ್ತಿರಲಿ, ಟೈಲರು ಕಾಜ ಹೊಲಿಯುತ್ತಿರಲಿ, ಸ್ವಲ್ಪ ಹೊತ್ತು ನಿಂತು ನೋಡಿದೆನೆಂದರೆ ‘ಓ, ಇಷ್ಟೇ ತಾನೆ’ ಅನ್ನಿಸಿಬಿಡುತ್ತದೆ. ಮೇಲಾಗಿ ತಿಪಟೂರಿನ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಷ್ಟರು. ಒದ್ದೆ ವಸ್ತು ಯಾಕೆ ಒಣಗುತ್ತದೆಂದು ಬೋರ್ಡಿನ ಮೇಲೆ ಬರೆದು ತೋರಿಸುವವನಿಗೆ ಒಂದು ವಸ್ತುವನ್ನು ಒಣಗಿಸಲು ಬಾರದೆ ಹೋದೀತೆ? ಬಾರದೆ ಹೋಯಿತು. ಅದರ ಕಥೆಯೇ ಇದು.

ನಾವು ಹೊಸ ಮನೆ ಕಟ್ಟಿಸಿದ ವರ್ಷ, ಅರಳಗುಪ್ಪೆಯ ನಮ್ಮ ಮಾವ ಹಜಾರದ ಗೋಡೆಗೆಂದು ನಾಲ್ಕು ತೇಗದ ಹಲಗೆಗಳನ್ನು ಕೊಟ್ಟರು. ಅವರ ತಂದೆಯ ಕಾಲದವು. ಒಂದೊಂದರ ಮೇಲೂ ಬಳ್ಳಿ, ಬಳ್ಳಿಯ ನಡುವೆ ಒಂದು ಹಂಸ. ಸುತ್ತಲೂ ಅಂಚನ್ನು ಓರೆಯಾಗಿ ಇಳಿಸಿದ್ದರು. ಬೆಳಿಗ್ಗೆಯ ಬಿಸಿಲು ಬಿದ್ದರೆ ಆ ಓರೆಯೇ ಒಂದು ಚೌಕಟ್ಟಿನಂತೆ ಹೊಳೆಯುತ್ತಿತ್ತು. ಈ ಹಲಗೆಗಳ ಮೇಲೆ ಚಿಕ್ಕನಾಯಕನಹಳ್ಳಿಯ ನನ್ನ ಷಡ್ಡಕ ರುದ್ರಪ್ಪನಿಗೆ ಮದುವೆಯಾದ ದಿನದಿಂದಲೂ ಕಣ್ಣು. ಅದು ಗೊತ್ತಿದ್ದೇ ನನ್ನ ಹೆಂಡತಿ ಗಿರಿಜ ಅಪ್ಪನ ಹತ್ತಿರ ಹಟ ಮಾಡಿ ತಂದಿದ್ದಳು. ಮಾವ ಕೊಡುವಾಗಲೇ ಒಂದು ಮಾತು ಹೇಳಿದ್ದರು: “ನಿಗಾ ಮಡಗ್ಬೇಕು ಕಣ್ರಪ್ಪ. ಒಕ್ಲಿನ ದಿವ್ಸ ಬಂದು ನೋಡ್ತೀನಿ. ಕೆಡ್ಸಿದ್ರೆ ಅವತ್ತೇ ಎತ್ಕೊಂಡೋಗಿ ಚಿಕ್ಕೋಳ್ ಮನೆಗೆ ಹಾಕ್ಬುಡ್ತೀನಿ.” ಗಿರಿಜ ಆಗ ನನ್ನ ಕಡೆ ನೋಡಿದ ನೋಟದಲ್ಲಿ, ಹಲಗೆ ಹೋದರೆ ಅದರ ಹಿಂದೆಯೇ ನಾನೂ ಹೋಗಬೇಕಾಗುತ್ತದೆಂಬುದು ಸ್ಪಷ್ಟವಾಗಿತ್ತು.

ನಿಗಾ ಎಂದರೆ ವಾರ್ನಿಷ್. ಪಾಲಿಶ್ ಮಾಡುವವರು ಯಾರೋ ಮದುವೆಮನೆಯ ಕುರ್ಚಿಗಳ ಹಿಂದೆ ನೊಣವಿನಕೆರೆಗೆ ಹೋಗಿದ್ದರು, ಬರುವುದು ತಡವೆಂದರು. ನಾನೇ ಹಚ್ಚುತ್ತೇನೆಂದೆ. ಗಿರಿಜ, ಬೇಡ ಅನ್ನಲಿಲ್ಲ. ದೇವರ ಮನೆಯ ಕಡೆ ತಿರುಗಿ ಕೈ ಮುಗಿದಳು. ಡಬ್ಬಿ ತೆರೆದರೆ ವಾರ್ನಿಷ್ ಪಾಕ ಬಂದ ಬೆಲ್ಲದ ಹಾಗೆ ಮಂದವಾಗಿತ್ತು. ಟರ್ಪಂಟೈನ್ ಬೆರೆಸಿ ತೆಳ್ಳಗೆ ಮಾಡಬೇಕೆಂದು ನನಗೆ ಗೊತ್ತು, ಆದರೆ ಅಂದು ಅಂಗಡಿಗೆ ರಜ. ಆಗ ನನ್ನ ಕಣ್ಣು ಗೂಡಿನಲ್ಲಿದ್ದ ಕೊಬ್ಬರಿ ಎಣ್ಣೆಯ ಸೀಸೆಯ ಮೇಲೆ ಬಿತ್ತು. ಇದನ್ನು ಬೇರೆ ಸೀಮೆಯವರು ಮೂರ್ಖತನ ಎನ್ನಬಹುದು. ನಮ್ಮ ಸೀಮೆಯಲ್ಲಿ ಬಾಗಿಲು ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ಮಗು ಅತ್ತರೆ ಕೊಬ್ಬರಿ ಎಣ್ಣೆ, ಸೈಕಲ್ ಚೈನು ಬಿಗಿದರೆ ಕೊಬ್ಬರಿ ಎಣ್ಣೆ, ಗಂಡ ಹೆಂಡಿರಿಗೆ ತಲೆ ಕಾದರೂ ಅದೇ. ಇಷ್ಟು ಸಾಧಿಸಿದ ಎಣ್ಣೆಗೆ ವಾರ್ನಿಷ್ ಯಾವ ಲೆಕ್ಕ ಎಂದು ಧಾರಾಳವಾಗಿ ಸುರಿದೆ.

ಹಚ್ಚುವಾಗ ಬಲು ಸೊಗಸು. ಕುಂಚ ಜಾರಿಕೊಂಡು ಹೋಗುತ್ತಿತ್ತು. ಹಂಸಗಳು ಈಗ ತಾನೇ ಕೆರೆಯಿಂದ ಎದ್ದು ಬಂದ ಹಾಗೆ ಮಿಂಚಿದವು. ತೊಂದರೆ ಶುರುವಾದದ್ದು ಓರೆ ಅಂಚಿನಲ್ಲಿ. ಹಚ್ಚಿದ್ದೆಲ್ಲ ಇಳಿಜಾರಿನಲ್ಲಿ ಹರಿದು ಬುಡದಲ್ಲಿ ತೊಟ್ಟುತೊಟ್ಟಾಗಿ ನಿಂತಿತು. ಒರೆಸಿ ಮತ್ತೆ ಹಚ್ಚಿದೆ, ಮತ್ತೆ ಹರಿಯಿತು. ಒಣಗಿದರೆ ಸರಿಹೋಗುತ್ತದೆಂದು ಬಿಟ್ಟೆ. ಮಾರನೆಯ ದಿನ ಅಂಟು, ಅದರ ಮಾರನೆಯ ದಿನವೂ ಅಂಟು. ಬಿಸಿಲಿಗಿಟ್ಟರೆ ಕೋಳಿಪುಕ್ಕ ಬಂದು ಕೂತಿತು, ನೆರಳಿಗಿಟ್ಟರೆ ನೊಣ ಬಂದು ಕೂತಿತು. ನಾನು ಬೀಸಣಿಗೆಯಿಂದ ಹಂಸಗಳಿಗೆ ಗಾಳಿ ಹಾಕುವುದನ್ನು ನೋಡಿ, ಬೀಗರಿಗೂ ಇಷ್ಟು ಉಪಚಾರ ಮಾಡಲಿಲ್ಲವಲ್ಲ ಎಂದಳು ಗಿರಿಜ. ಕೊನೆಗೆ ದಾರಿ ತೋರಿಸಿದವಳೂ ಅವಳೇ: “ಅಟ್ಟಕ್ಕೆ ಹಾಕಿ ಕಣ್ರೀ. ಕಾಯೇ ಒಣಗ್ತದಂತೆ, ಹಲಗೆ ಒಣಗಲ್ವಾ?”

ನಮ್ಮಲ್ಲಿ ಮನೆಗೆ ಬಾಗಿಲು ಕೂರುವ ಮೊದಲೇ ಅಟ್ಟಕ್ಕೆ ಕಾಯಿ ಏರುತ್ತದೆ. ಸಿಪ್ಪೆಯ ಸಮೇತ ತೆಂಗಿನಕಾಯಿಗಳನ್ನು ಅಟ್ಟದ ಮೇಲೆ ಹರವಿ ವರ್ಷವಿಡೀ ಮರೆತುಬಿಟ್ಟರೆ, ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಗಿಟುಕಾಗುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಗಡಗಡ ಎಂದರೆ ಕೊಬ್ಬರಿ ಸಿದ್ಧ. ಅಟ್ಟದಲ್ಲಿ ಒಣಗದ ವಸ್ತುವಿಲ್ಲ ಎಂಬುದು ನಮ್ಮವರ ನಂಬಿಕೆ. ನಾನು ಹಲಗೆಗಳನ್ನು ಹೊತ್ತು ಏಣಿ ಹತ್ತಿದೆ. ಧೂಳು ಕೂರಬಾರದೆಂಬ ವೈಜ್ಞಾನಿಕ ಕಾರಣಕ್ಕಾಗಿ ಅವುಗಳ ಮುಖ ಕೆಳಗೆ ಮಾಡಿ ಕಾಯಿಗಳ ಮೇಲೆ ಬೋರಲು ಮಲಗಿಸಿ, ನೆಮ್ಮದಿಯಿಂದ ಇಳಿದು ಬಂದೆ.

ಗೃಹಪ್ರವೇಶದ ದಿನ ಬೆಳಿಗ್ಗೆ ಇಳಿಸಿದರೆ ನಾಲ್ಕೂ ಹಂಸಗಳಿಗೆ ಗಡ್ಡ ಬಂದಿತ್ತು. ಕಾಯಿಸಿಪ್ಪೆಯ ನಾರೆಲ್ಲ ಹಲಗೆಗೆ ಹತ್ತಿಕೊಂಡು, ಓರೆ ಅಂಚಿನಲ್ಲಂತೂ ಕುಚ್ಚು ಕಟ್ಟಿದ ಹಾಗೆ ಜೋತಾಡುತ್ತಿತ್ತು. ಗಿರಿಜಳ ಕಣ್ಣಲ್ಲಿ ನೀರು ಬಂತು. ನನಗೆ ನಿಜವಾಗಿಯೂ ಸಂಕಟವಾಯಿತು. ಕಿತ್ತು ತೆಗೆಯೋಣವೆಂದು ಕೂರುವಷ್ಟರಲ್ಲಿ ಮಾವ ಬಂದೇಬಿಟ್ಟರು, ಹಿಂದೆಯೇ ಹೊಸ ಟೆರಿಲಿನ್ ಶರ್ಟು ತೊಟ್ಟ ರುದ್ರಪ್ಪ. ಮಾವ ಒಂದು ಹಲಗೆಯನ್ನೆತ್ತಿ, ಅಭ್ಯಾಸಬಲ ನೋಡಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಆಮೇಲೆ ರುದ್ರಪ್ಪನ ಕಡೆ ತಿರುಗಿ, ಎತ್ಕೊಳಪ್ಪ ಎಂದರು. ರುದ್ರಪ್ಪ ಅದಕ್ಕೇ ಕಾದಿದ್ದವನು. ನಾರು ಬೇಕಾದರೆ ಕಿತ್ತರಾಯಿತು ಎಂದು ಹಲಗೆಯನ್ನು ಮಗುವಿನ ಹಾಗೆ ಎದೆಗವುಚಿಕೊಂಡು ಹೊರಟ.

ಹೊರಗಿನ ಜಗುಲಿಯಲ್ಲಿ ಇಳಿಸಲು ನೋಡುತ್ತಾನೆ, ಹಲಗೆ ಬಿಡಲೊಲ್ಲದು. ಮಾವ ಹಲಗೆಯನ್ನು ಎಳೆದರು, ನಾನು ರುದ್ರಪ್ಪನನ್ನು ಎಳೆದೆ. ಪರ್ರೆಂದು ಸದ್ದಾಗಿ ಹಂಸ, ರುದ್ರಪ್ಪ ಇಬ್ಬರೂ ಬೇರೆಯಾದರು. ಶರ್ಟಿನ ಜೇಬು ಮಾತ್ರ ಹಂಸದ ಕಡೆಗೇ ಉಳಿಯಿತು. ಪುರೋಹಿತರು ಮಂತ್ರ ನಿಲ್ಲಿಸಿ ನೋಡಿದರು. ರುದ್ರಪ್ಪ ಎದೆ ಮುಚ್ಚಿಕೊಂಡು, ಈಗ ಬೇಡ ಮಾವ, ಒಣಗಿದ ಮೇಲೆ ಒಯ್ಯುತ್ತೇನೆ ಎಂದ. ಮಾವ ತಮ್ಮ ಅಂಗೈಗೆ ಅಂಟಿದ ನಾರನ್ನು ಬಿಡಿಸಿಕೊಳ್ಳುತ್ತ ತೀರ್ಪು ಕೊಟ್ಟರು: “ಇದಿನ್ನೂ ಗಿಟುಕಾಗಿಲ್ಲ. ಅಟ್ಟದಲ್ಲೇ ಇರ್ಲಿ ಬುಡಿ. ಒಣಗಿದ ದಿವ್ಸ ರುದ್ರಪ್ಪಂದು.”

ಮಾವ ಬಂದಾಗಲೆಲ್ಲ ಏಣಿ ಹತ್ತಿ ಬೆರಳಿಟ್ಟು ನೋಡುವುದು, ಹಸಿ ಎಂದು ಇಳಿಯುವುದು ವಾಡಿಕೆಯಾಯಿತು. ಕೊಬ್ಬರಿ ಎಣ್ಣೆ ಒಣಗುವ ಜಾತಿಯದಲ್ಲವೆಂದು ನಾನು ಅಷ್ಟು ಹೊತ್ತಿಗೆ ಒಂದು ಪುಸ್ತಕದಲ್ಲಿ ಓದಿದ್ದೆ, ಯಾರಿಗೂ ಹೇಳಿರಲಿಲ್ಲ. ಆದರೆ ಅಟ್ಟದ ಮಹಿಮೆಯೇ ಬೇರೆ. ಕೆಲವು ವರ್ಷಗಳ ಮೇಲೆ ಒಂದು ಯುಗಾದಿಯ ಹಿಂದಿನ ದಿನ ಮುಟ್ಟಿ ನೋಡುತ್ತೇನೆ, ಬೆರಳು ಸಲೀಸಾಗಿ ಎದ್ದು ಬಂತು. ನಾರು ಉಜ್ಜಿದರೆ ಉದುರಿತು. ಗಾಬರಿಯಿಂದ ಗಿರಿಜಳನ್ನು ಕರೆದೆ. ಅವಳೂ ಮೇಲೆ ಬಂದು ಓರೆ ಅಂಚಿನುದ್ದಕ್ಕೂ ಬೆರಳಾಡಿಸಿದಳು. ಮಾವ, ರುದ್ರಪ್ಪ ಇಬ್ಬರೂ ಬೆಳಿಗ್ಗೆ ಹಬ್ಬಕ್ಕೆ ಬರುವವರಿದ್ದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಕೆಳಗಿಳಿದು ಹೋಗಿ, ಕೊಬ್ಬರಿ ಎಣ್ಣೆಯ ಬಟ್ಟಲನ್ನು ಏಣಿಯ ಮೇಲಿಂದ ನನ್ನ ಕೈಗೆ ಕೊಟ್ಟಳು.

ಅಂದಿನಿಂದ ಪ್ರತಿ ಯುಗಾದಿಗೆ ನಮ್ಮ ಮನೆಯಲ್ಲಿ ಮೊದಲ ಎಣ್ಣೆ ಹಂಸಗಳಿಗೆ, ಉಳಿದದ್ದು ನನ್ನ ತಲೆಗೆ. ಮಾವ ಬೆರಳಿಟ್ಟು ನೋಡಿ, ಏನಿದು ಮೇಷ್ಟ್ರೆ ಎನ್ನುತ್ತಾರೆ. ತೇಗದ ಗುಣವೇ ಹಾಗೆಂದು ನಾನು ವಿಜ್ಞಾನದ ಗಾಂಭೀರ್ಯದಿಂದ ವಿವರಿಸುತ್ತೇನೆ. ಯಾರನ್ನೂ ದೂರದಿಂದ ನೋಡದೆ ನಾನು ಕಲಿತ ಕೆಲಸ ಇದೊಂದೇ. ಒಂದು ಸಲವೂ ಕೆಟ್ಟಿಲ್ಲ.