ಚಿಗವ್ವ ಮಾಡಿಸಿದ ನಲವತ್ತು ಮದುವೆಗಳು

ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ, ಈವರೆಗೆ ನಲವತ್ತು ಮದುವೆ ಮಾಡಿಸಿದ್ದಾಳೆ. ಒಂದಕ್ಕೂ ಊಟ ಹಾಕಿಸಿಲ್ಲ! ಹಾಕಿಸುವುದಾದರೂ ಹೇಗೆ? ಗಂಡು ಒಂದು ಸಿನಿಮಾದಲ್ಲಿರುತ್ತಾನೆ, ಹೆಣ್ಣು ಇನ್ನೊಂದು ಸಿನಿಮಾದಲ್ಲಿ. ಇಬ್ಬರನ್ನೂ ನೋಡಿದವಳು ಚಿಗವ್ವ ಒಬ್ಬಳೇ. ಹಳೆಯ ಕಪ್ಪು-ಬಿಳುಪು ಹಾಸ್ಯ ಸಿನಿಮಾಗಳೆಂದರೆ ಅವಳಿಗೆ ಪ್ರಾಣ. ಸಿನಿಮಾ ಮುಗಿದ ಮೇಲೆ ಆ ಮಂದಿಯೆಲ್ಲ ಏನಾದರು ಎಂಬುದೇ ಅವಳ ಚಿಂತೆ. ಅದಕ್ಕೇ ಒಂದು ಸಿನಿಮಾದವರನ್ನು ಇನ್ನೊಂದು ಸಿನಿಮಾದ ಮನೆಗೆ ಕಳಿಸಿ, ಮುಂದಿನ ಕತೆಯನ್ನು ನೋಟುಬುಕ್ಕಿನಲ್ಲಿ ಬರೆಯುತ್ತಾಳೆ. ಸಿನಿಮಾಗಳ ಹೆಸರು ಮಾತ್ರ ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಎಲ್ಲೋ ಒಂದು ತಪ್ಪಾಗಿರುತ್ತದೆ, ಬೆಳಗಾಗುವುದರೊಳಗೆ ಅವಳ ಫೋನು ಬರುತ್ತದೆ.

ಬೈಲಹೊಂಗಲದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವಳು ಅವಳು. ಹಾಗಾಗಿ ಕಲ್ಪನೆಗೂ ಲೆಕ್ಕ ಸರಿಹೋಗಬೇಕು. ಒಂದು ಸಿನಿಮಾದಲ್ಲಿ ಕೇಸೇ ಇಲ್ಲದ ವಕೀಲನಿದ್ದಾನೆ. ಇನ್ನೊಂದರಲ್ಲಿ ಖಾನಾವಳಿ, ಅದರ ಯಜಮಾನನ ಮಗಳು, ಮತ್ತು ಎಲ್ಲದಕ್ಕೂ ಎರಡೆರಡು ಸಲ ಉಪ್ಪು ಹಾಕುವ ಅಡುಗೆ ಭಟ್ಟ. ವಕೀಲನನ್ನು ಖಾನಾವಳಿಗೆ ಊಟಕ್ಕೆ ಕಳಿಸುವ ಮೊದಲು ಎರಡೂ ಸಿನಿಮಾದ ಗೋಡೆ ಗಡಿಯಾರ, ಕ್ಯಾಲೆಂಡರು, ನಾಯಕಿಯ ಜಡೆಯ ಉದ್ದ ಎಲ್ಲ ನೋಡಿ ವಯಸ್ಸು ಗುಣಿಸಿದಳು. ಇದಕ್ಕೂ ಲ.ಸಾ.ಅ. ತೆಗೆಯಬೇಕೇನು ಎಂದು ನಾನು ಕೇಳಿದೆ. "ತಗೀಲಿಲ್ಲಂದ್ರ ಹುಡುಗಿ ವಕೀಲಗಿಂತ ಹದಿನಾಲ್ಕು ವರ್ಷ ದೊಡ್ಡಾಕಿ ಆಗ್ತಾಳ. ನಾಳೆ ಮಂದಿ ಏನಂತಾರ?" ಎಂದಳು.

ಯಾವ ಮಂದಿ?

ಇದರ ಬಿಸಿ ತಟ್ಟಿದ್ದು ಅವಳ ಗಂಡ, ನಮ್ಮ ಕಾಕಾನಿಗೆ. ಆತ ಹೊಲದಿಂದ ಹಸಿದು ಬಂದು "ಊಟಕ್ಕ ನೀಡು" ಎಂದರೆ, ಈಕೆ ನೋಟುಬುಕ್ಕಿನಿಂದ ತಲೆ ಎತ್ತದೆ, "ತಡೀರಿ, ವಕೀಲರು ಇನ್ನೂ ಕೈ ತೊಳಕೊಂಡಿಲ್ಲ" ಎನ್ನುತ್ತಾಳೆ. ಕಾಕಾ ಮಹಾ ತಾಳ್ಮೆಯ ಮನುಷ್ಯ. "ಅವರಿಗೆ ನೀಡೂ ಮುಂದ ಅದ ಪಂಕ್ತಿಯೊಳಗ ನನಗೂ ಎರಡು ರೊಟ್ಟಿ ಹಾಕು. ಉಪ್ಪು ಜಾಸ್ತಿ ಇದ್ರೂ ನಡೀತೈತಿ" ಎನ್ನುತ್ತಾನೆ.

ಒಮ್ಮೆ ದೊಡವಾಡದಿಂದ ಪರಿಚಯದ ಹೆಂಗಸೊಬ್ಬರು ಮಗಳಿಗೆ ವರ ಕೇಳಲು ಬಂದಿದ್ದರು. ಚಿಗವ್ವ ಆಗ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: "ಹುಡುಗ ವಕೀಲ ಅದಾನ್ರಿ. ಒಬ್ಬನ ಮಗ. ಚಟ ಇಲ್ಲ. ಕೇಸ್ ಇಲ್ಲ, ಅದೊಂದ ಕೊರತಿ. ಹೆಣ್ಣು ಗೊತ್ತು ಮಾಡಾಕ ಹತ್ತೇನಿ." ಆ ಹೆಂಗಸು ಕಿವಿ ನೆಟ್ಟಗೆ ಮಾಡಿಕೊಂಡು ಕೇಳಿದವರು, ಚಹಾ ಮುಗಿಸುವುದರೊಳಗೆ ಚೀಲದಿಂದ ಮಗಳ ಫೋಟೋ ತೆಗೆದೇಬಿಟ್ಟರು.

"ಕೇಸ್ ಇಂದಿಲ್ಲ ನಾಳೆ ಬರ್ತಾವ ಬಿಡ್ರಿ ಅಕ್ಕಾರ. ಹುಡುಗನ್ನ ಎಲ್ಲಿ ನೋಡಬೇಕ್ರಿ?"

"ಮಂಗಳವಾರ ಮಧ್ಯಾಹ್ನ ಟಿವಿಯೊಳಗ ಬರ್ತಾನ," ಎಂದಳು ಚಿಗವ್ವ. "ಆದ್ರ ನಾ ಅವನ್ನ ಖಾನಾವಳಿಯವರಿಗೆ ಮಾತು ಕೊಟ್ಟೇನ್ರಿ."

ಆ ಹೆಂಗಸು ಮತ್ತೆ ಬರಲಿಲ್ಲ.

ಫೋನಿನ ಆ ಕಡೆ ಇದ್ದವರು ರಾಮದುರ್ಗದ ಹಿರಿಯರು. ಹಳೆಯ ಹಾಸ್ಯ ಸಿನಿಮಾ ಪ್ರೇಮಿಗಳ ವಾಟ್ಸಾಪ್ ಗುಂಪೊಂದರಲ್ಲಿ ಪರಿಚಯವಾದವರು. ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರಂತೆ, ಈಗ ಮನೆಯಲ್ಲೇ ಇರುತ್ತಾರೆ. ಮುಖ ನೋಡಿರದಿದ್ದರೂ ಮೂರು ವರ್ಷದಿಂದ ಇಬ್ಬರೂ ದಿನಾ ಜಗಳವಾಡುತ್ತಿದ್ದರು. ಈಕೆ ಕತೆ ಬರೆದು ಕಳಿಸುವುದು, ಅವರು ಧ್ವನಿ ಸಂದೇಶದಲ್ಲಿ ತಕರಾರು ತೆಗೆಯುವುದು. ಸಂಭಾಷಣೆಯಲ್ಲಿ ಅವರದು ಎತ್ತಿದ ಕೈ. ಯಾರು ಎಲ್ಲಿ ಕೆಮ್ಮಿದರು ಎಂಬುದೂ ಬಾಯಿಪಾಠ. ಚಿಗವ್ವ ಇಡೀ ಜಿಲ್ಲೆಯಲ್ಲಿ ಗೌರವ ಕೊಡುತ್ತಿದ್ದುದು ಅವರೊಬ್ಬರಿಗೆ. ಆ ಗೌರವವನ್ನು ತೋರಿಸುತ್ತಿದ್ದುದು ಬೈಗುಳದಲ್ಲಿ.

ಒಂದು ದಿನ ಖಾನಾವಳಿ ಭಟ್ಟನ ವಿಷಯಕ್ಕೆ ಮಾತು ಬೆಳೆಯಿತು. ಅಡುಗೆಮನೆಯ ಬಾಗಿಲಲ್ಲಿ ಭಟ್ಟ ಸಿಕ್ಕಿಹಾಕಿಕೊಂಡ ಎಂದು ಚಿಗವ್ವ ಬರೆದಿದ್ದಳು. ಅವರ ಉತ್ತರ ಬಂತು: "ಅಂವಾ ಹೆಂಗ ಸಿಕ್ಕೋತಾನ್ರಿ ಬಾಯಾರ? ಕಡ್ಡಿಯಂಥಾ ಮನಷ್ಯಾ ಇದ್ದಾನ. ನಡದ್ರ ಹಲಗಿ ಸಪ್ಪಳ ಸುದ್ದಾ ಆಗೂದಿಲ್ಲ."

ಚಿಗವ್ವ ಕೆಂಡವಾದಳು. ಭಟ್ಟ ಹತ್ತಿಯ ಅಂಡಿಗೆಯಂತೆ ದಪ್ಪಗಿದ್ದಾನೆಂಬುದು ಆ ಸಿನಿಮಾ ನೋಡಿದ ಎಲ್ಲರಿಗೂ ಗೊತ್ತು. ಗುಂಪಿನ ಎಲ್ಲರೆದುರು ಬರೆದಳು: "ನೀವು ಆ ಸಿನಿಮಾ ನೋಡೇ ಇಲ್ಲ!"

ಅಂದಿನಿಂದ ರಾಮದುರ್ಗ ಸುಮ್ಮನಾಯಿತು. ಒಂದು ದಿನ, ಒಂದು ವಾರ, ಮೂರು ವಾರ. ಫೋನು ಮಾಡಿದರೂ ಎತ್ತಲಿಲ್ಲ. ಚಿಗವ್ವ ನೋಟುಬುಕ್ಕು ಮುಚ್ಚಿಟ್ಟಳು. ಊಟ ಹೊತ್ತಿಗೆ ಸರಿಯಾಗಿ ಸಿಗತೊಡಗಿತು, ಅದೇ ಕಾಕಾನಿಗೆ ಹೆದರಿಕೆ ಹುಟ್ಟಿಸಿತು.

"ಈಕಿನ್ನ ರಾಮದುರ್ಗಕ್ಕ ಕರಕೊಂಡು ಹೋಗವ್ವಾ," ಎಂದು ನನಗೆ ಹೇಳಿದ. "ನಿನ್ನೆ ಪಲ್ಯಾದಾಗ ಉಪ್ಪ ಹಾಕಿಲ್ಲ."

ಗುಂಪಿನವರಿಂದ ವಿಳಾಸ ಪಡೆದು, ಶೇಂಗಾ ಹೋಳಿಗೆಯ ಡಬ್ಬಿ ಕಟ್ಟಿಕೊಂಡು ಹೊರಟೆವು. ಯರಗಟ್ಟಿಯಲ್ಲಿ ಬಸ್ಸು ಬದಲಿಸುವವರೆಗೆ ಅವಳು ಬೈಗುಳ ಅಭ್ಯಾಸ ಮಾಡಿದಳು. ಅಲ್ಲಿಂದ ಮುಂದೆ ಕ್ಷಮೆಯ ಅಭ್ಯಾಸ. ಎರಡನೆಯದು ಅವಳಿಗೆ ರೂಢಿಯಿಲ್ಲದ ಕಾರಣ ಪ್ರತಿ ಸಲವೂ "ತಪ್ಪಾತ್ರಿ, ಆದ್ರ" ಎಂಬಲ್ಲಿಗೆ ಬಂದು ನಿಂತುಬಿಡುತ್ತಿತ್ತು.

ಬಾಗಿಲು ತೆರೆದದ್ದು ಅವರ ಸೊಸೆ. ಹಿರಿಯರು ಹಿತ್ತಲಲ್ಲಿ, ಎತ್ತರದ ಹಳೆಯ ಗೋಡೆಯ ನೆರಳಿನಲ್ಲಿ ಕುಳಿತಿದ್ದರು. ಕಡ್ಡಿಯಂಥ ದೇಹ, ಹೆಗಲ ಮೇಲೆ ಪಂಚೆ. ಚಿಗವ್ವ ಹೆಸರು ಹೇಳಿದ್ದೇ ತಡ, ಎದ್ದು ನಿಂತು ತಲೆ ತಗ್ಗಿಸಿದರು.

"ನೀವು ಗುಂಪಿನ್ಯಾಗ ಬರದದ್ದು ಖರೇನರಿ ಬಾಯಾರ. ನಾ ನೋಡಿಲ್ಲ. ಒಂದೂ ನೋಡಿಲ್ಲ."

ಚಿಗವ್ವ "ತಪ್ಪಾತ್ರಿ" ಬಿಟ್ಟು ಹೋಳಿಗೆಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು.

ಅವರು ಹಿಂದಿನ ಗೋಡೆ ತೋರಿಸಿದರು. ಗೋಡೆಯಾಚೆ ಈಗ ಗೋದಾಮಿದೆ, ಆಗ ಥೇಟರ ಇತ್ತು. ಅವರ ತಂದೆ ಗುಡಿಯ ಪೂಜೆಯವರು. "ಜನಿವಾರ ಹಾಕಿ ಮುಂಜ್ವಿ ಆದ ದಿನಾನ ಅಪ್ಪ ಆಣಿ ಹಾಕಿಸ್ಕೊಂಡ್ರು, ಥೇಟರದಾಗ ಕಾಲಿಡೂದಿಲ್ಲಂತ. ಕಾಲು ಇಡಲಿಲ್ಲರಿ. ಕಿವಿ ಇಟ್ಟೆ. ಸಂಜಿಮುಂದ ದಿನಾ ಇದ ಗ್ವಾಡಿಗೆ. ನಗು ಬಂದ್ರ ಒಳಗ ಕೇಳಸ್ತದಂತ ಪಂಚೆ ಬಾಯಾಗ ತುರುಕೋತಿದ್ದೆ."

"ಆಮ್ಯಾಲ ಟಿವಿಯೊಳಗ ಬಂದೂವಲ್ರಿ? ಫೋನಿನ್ಯಾಗ ಈಗ ಎಲ್ಲಾ ಸಿಗ್ತಾವು," ಎಂದಳು ಚಿಗವ್ವ. ದನಿ ಸಣ್ಣದಾಗಿತ್ತು.

"ಅಂಜಿಕಿ ಬಂತ್ರಿ. ಇಷ್ಟು ವರ್ಷ ನನ್ನ ಕಣ್ಣಾಗ ಇದ್ದ ಮಂದಿ ಅವರು. ನೋಡಿದಾಗ ಬ್ಯಾರೇ ಯಾರರೆ ಇದ್ರ? ಇವರೆಲ್ಲಾ ಎಲ್ಲಿಗೆ ಹೋಗಬೇಕು?" ಹೆಗಲ ಪಂಚೆ ಸರಿಪಡಿಸಿಕೊಂಡು ಹೇಳಿದರು: "ಗುಂಪಿನ್ಯಾಗ ನಾ ಸುಳ್ಳಗಾರ ಆದೆ. ನೀವಂತೂ ಲೆಕ್ಕ ತಪ್ಪಿದ್ರ ಬಿಡೂ ಪೈಕಿ ಅಲ್ಲ."

ಅದು ನಿಜ. ನಾಯಕನ ಟೋಪಿಯ ಬಣ್ಣ ತಪ್ಪು ಹೇಳಿದರೆಂದು ಸ್ವಂತ ಬೀಗರ ಮನೆಗೆ ಹೋಗುವುದನ್ನೇ ಬಿಟ್ಟವಳು ಅವಳು. ಕಪ್ಪು-ಬಿಳುಪು ಸಿನಿಮಾದ ಟೋಪಿಯ ಬಣ್ಣ!

ಚಿಗವ್ವ ಚೀಲದಿಂದ ನೋಟುಬುಕ್ಕು ತೆಗೆದಳು. ಅದನ್ನು ತಂದದ್ದು ನನಗೆ ಗೊತ್ತೇ ಇರಲಿಲ್ಲ. ಪೆನ್ನಿನ ಟೊಪ್ಪಿಗೆ ತೆಗೆದು, ಚಾಪೆಯ ಮೇಲೆ ಕುಳಿತು, ಹಾಜರಿ ಕರೆಯುವ ದನಿಯಲ್ಲಿ ಕೇಳಿದಳು:

"ನಿಮ್ಮ ಭಟ್ಟ ಹೆಂಗದಾನ, ಹೇಳ್ರಿ. ಎತ್ತರ ಎಷ್ಟು?"

ಅವರು ನಂಬದೆ ಅವಳ ಮುಖ ನೋಡಿದರು. ಆಮೇಲೆ ಮೆಲ್ಲಗೆ ಶುರು ಮಾಡಿದರು. ಅವರ ಭಟ್ಟ ಉದ್ದಕ್ಕೆ ಸಣ್ಣಗಿದ್ದ, ತುದಿಗಾಲಲ್ಲಿ ನಡೆಯುತ್ತಿದ್ದ, ಉಪ್ಪು ಎರಡು ಸಲ ಹಾಕುತ್ತಿದ್ದುದು ಮರೆತು ಅಲ್ಲ, ಮೊದಲ ಸಲ ಉಪ್ಪು ಬಿದ್ದ ಸದ್ದು ಅವನಿಗೆ ಕೇಳಿಸದ ಕಾರಣ! ಚಿಗವ್ವ ಒಂದಕ್ಕೂ ತಕರಾರು ತೆಗೆಯಲಿಲ್ಲ. ಎರಡು ಪುಟ ತುಂಬಿಸಿ, ಮೂರನೆಯ ಪುಟದಲ್ಲಿ ಕತೆ ಮುಂದುವರಿಸಿ, ಬರೆದದ್ದನ್ನು ಬರೆದಂತೆ ಓದತೊಡಗಿದಳು. ವಕೀಲ ಖಾನಾವಳಿಗೆ ಬರುತ್ತಾನೆ. ಅಡುಗೆಮನೆಯಲ್ಲಿ ಇಬ್ಬರು ಭಟ್ಟರು, ಒಬ್ಬ ಅಂಡಿಗೆ, ಒಬ್ಬ ಕಡ್ಡಿ. ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಒಂದೇ ಸಾರಿನ ಪಾತ್ರೆಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ. ವಕೀಲ ಒಂದು ತುತ್ತು ಬಾಯಿಗಿಟ್ಟು ಎದ್ದು ನಿಂತು, "ಮಹಾಸ್ವಾಮಿ, ಕೊನೆಗೂ ನನಗೊಂದು ಕೇಸು ಸಿಕ್ಕಿತು!" ಎನ್ನುತ್ತಾನೆ.

ಹಿರಿಯರ ಭುಜ ಕುಣಿಯತೊಡಗಿತು. ಕಣ್ಣಲ್ಲಿ ನೀರು ಬಂತು. ಸದ್ದು ಮಾತ್ರ ಇಲ್ಲ. ಕೈ ತಾನಾಗಿಯೇ ಹೆಗಲ ಮೇಲಿನ ಪಂಚೆ ಎಳೆದು ಬಾಯಿಗೆ ಒತ್ತಿಕೊಂಡಿತ್ತು.

ಚಿಗವ್ವ ನೋಟುಬುಕ್ಕು ಕೆಳಗಿಟ್ಟಳು. ಮುಂದೆ ಬಾಗಿ, ಮಗುವಿನ ಬಾಯಿಂದ ಏನನ್ನೋ ತೆಗೆಯುವವಳಂತೆ, ಆ ಪಂಚೆಯ ಚುಂಗನ್ನು ಮೆಲ್ಲಗೆ ಬಿಡಿಸಿದಳು.

"ಜೋರಾಗಿ ನಗ್ರಿ," ಎಂದಳು. "ಈಗ ಯಾರೂ ಬಯ್ಯೂದಿಲ್ಲ."

ಒಳಗಿನಿಂದ ಅವರ ಸೊಸೆ, ಏನೋ ಆಯಿತೆಂದು, ಹಿಟ್ಟಿನ ಕೈಯಲ್ಲೇ ಓಡಿ ಬಂದಳು.